ನಾಣ್ಯಗಳಿಗೆ ತಕ್ಕ ಮನೆ

ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ, ಆನೆಯ ಮುದ್ರೆಯುಳ್ಳ ಮೈಸೂರಿನ ತಾಮ್ರದ ಕಾಸು, ಇಂಥವು ನಮ್ಮ ಅನೇಕ ಮನೆಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಉಂಟು. ಕಾಲಕ್ಕಿಂತಲೂ ಹೆಚ್ಚಾಗಿ ಇವನ್ನು ಕೆಡಿಸುವುದು ನಾವು ಇವನ್ನಿಡುವ ಚೀಲವೇ ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಅಂಗಡಿಯಲ್ಲಿ ದೊರೆಯುವ ಮೆತ್ತನೆಯ ಪಿ.ವಿ.ಸಿ. ಹಾಳೆಗಳು ನೋಟಕ್ಕೆ ಅಂದವಾದರೂ, ವರ್ಷಗಳು ಕಳೆದಂತೆ ಆಮ್ಲವನ್ನು ಹೊರಬಿಟ್ಟು ತಾಮ್ರದ ಮೇಲೆ ಹಸುರು ಅಂಟನ್ನು ಹಿಡಿಸುತ್ತವೆ. ರಬ್ಬರು, ಉಣ್ಣೆಗಳಲ್ಲಿರುವ ಗಂಧಕವು ಬೆಳ್ಳಿಯನ್ನು ಕಪ್ಪಾಗಿಸುತ್ತದೆ. 1940ಕ್ಕೆ ಮೊದಲಿನ ರೂಪಾಯಿಯಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿಯೇ ಅಲ್ಲವೆ? ಆದಕಾರಣ ಪಾಲಿಯೆಸ್ಟರ್ ಕಿಟಕಿಯುಳ್ಳ ರಟ್ಟಿನ ಚೌಕಗಳನ್ನಾಗಲಿ, ಆಮ್ಲರಹಿತ ಕಾಗದದ ಲಕೋಟೆಗಳನ್ನಾಗಲಿ ಆರಿಸತಕ್ಕದ್ದು. ಒಂದರೊಳಗೆ ಒಂದೇ ನಾಣ್ಯವಿರಲಿ. ಮಳೆಗಾಲದ ತೇವವನ್ನು ಹೀರಲು ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣವನ್ನಿಟ್ಟು, ಆಗಾಗ ಬದಲಿಸುತ್ತಿರಬೇಕು.

ಹಬ್ಬಕ್ಕೆ ಪಾತ್ರೆ ಬೆಳಗುವಂತೆ ನಾಣ್ಯವನ್ನು ಹುಣಸೆಹಣ್ಣಿನಿಂದ ತಿಕ್ಕುವುದು ಸಲ್ಲದು. ಹುಳಿಯು ಹಳೆಯ ಮೇಲ್ಪದರವನ್ನು ಕಳೆಯುತ್ತದೆ, ತಿಕ್ಕುವಿಕೆಯು ಅಕ್ಷರಗಳನ್ನು ಸವೆಸುತ್ತದೆ. ಹೊಳಪು ಬಂದಷ್ಟೂ ಬೆಲೆ ಕುಗ್ಗುತ್ತದೆ.

ಕಡೆಯದಾಗಿ, ನಾಣ್ಯವು ಯಾರ ಕೈಯಿಂದ ಬಂದಿತೆಂಬುದನ್ನು ಹಿರಿಯರನ್ನು ಕೇಳಿ ಲಕೋಟೆಯ ಮೇಲೆ ಬರೆಯೋಣ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಒಳಗಿಡುವುದು ಆಮೇಲೆ. ಲೋಹ ಉಳಿದೀತು, ಬರೆದಿಡದ ಮಾತು ಹಿರಿಯರೊಡನೆಯೇ ಹೊರಟುಹೋಗುತ್ತದೆ.