ಹೊಸ ಟೈರು ಗುಂಯ್ ಅಂದರೆ ರೇಡಿಯೊ ಜೋರು ಮಾಡಬೇಡಿ

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ನಿಮ್ಮ ಕಾರಿನ ಕೆಳಗಿರುವ ನಾಲ್ಕು ಟೈರುಗಳ ಬಗ್ಗೆ ಮಾತಾಡೋಣ.

ಬ್ಯಾಡಗಿಯಲ್ಲಿ ಸಂಬಂಧಿಕರ ಮದುವೆ ಇತ್ತು. ಹಿಂದಿನ ದಿನವಷ್ಟೇ ಬೆಂಗಳೂರಿನ ಒಂದು ಅಂಗಡಿಯಲ್ಲಿ ನಾಲ್ಕೂ ಟೈರು, ಜೊತೆಗೆ ದೊಡ್ಡ ಅಲಾಯ್ ವೀಲ್ ಹಾಕಿಸಿದ್ದೆ. ತುಮಕೂರು ದಾಟುವಾಗಲೇ ಗುಂಯ್ ಅನ್ನುವ ಸದ್ದು ಶುರು. ಹೊಸ ಟೈರು, ಹಂಗೇ ಇರುತ್ತೆ ಅಂದುಕೊಂಡು ರೇಡಿಯೊ ಜೋರು ಮಾಡಿದೆ. ಹರಿಹರದ ಹತ್ತಿರ ತುಂಗಭದ್ರೆ ದಾಟಿದ ಮೇಲೆ ಗುಂಯ್ ಜೊತೆಗೆ ಟಕ್ ಟಕ್ ಕೂಡ ಸೇರಿಕೊಂಡಿತು. ರಾಣೆಬೆನ್ನೂರಿನಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಪಕ್ಕದಲ್ಲೇ ಒಂದು ಪಂಕ್ಚರ್ ಅಂಗಡಿ. ನಾನು ಎಂಜಿನಿಯರಿಂಗ್ ಓದಿದವನು ನೋಡಿ, ಟೈರಿನ ಕಂಪನಾಂಕದ ಬಗ್ಗೆ ಆ ಹಿರಿಯರಿಗೇ ಪಾಠ ಶುರು ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲಾ ಇರಲಿ ಸಾಹೇಬ್ರ, ನಟ್ ಮತ್ತ ಬಿಗಿ ಮಾಡ್ಸೀರೇನು?"

ಮಾಡಿಸಿರಲಿಲ್ಲ. ಎಡಗಡೆ ಮುಂದಿನ ಚಕ್ರದಲ್ಲಿ ಎರಡು ನಟ್ ಬೆರಳಲ್ಲೇ ತಿರುಗುತ್ತಿದ್ದವು. ಗಾಳಿ 33 ಇರಬೇಕಾದ ಕಡೆ 45 ಪಿಎಸ್‌ಐ ಇತ್ತು. ಸುಮಾರು 300 ಕಿ.ಮೀ. ನಾನು ಹೆಂಡತಿ, ಮಗುವನ್ನು ಕೂರಿಸಿಕೊಂಡು ಹಾಗೇ ಬಂದಿದ್ದೆ.

ಆವತ್ತು ಕಲಿತದ್ದು ಇಷ್ಟು: ಹೊಸ ಟೈರು ಹಾಕಿದ ಮೇಲೆ ಬರುವ ಸದ್ದೆಲ್ಲ ಟೈರಿನದ್ದೇ ಅಲ್ಲ. ಯಾವುದು ಟೈರಿನ ಸ್ವಭಾವ, ಯಾವುದು ಅಪಾಯದ ಕರೆ ಅಂತ ಬೇರೆ ಮಾಡಬೇಕು. ಅದು ಕಷ್ಟವೇನಲ್ಲ.

ಮೊದಲು ಸ್ವಭಾವ. ಟೈರಿನ ಮೇಲಿನ ರಬ್ಬರ್ ಗಟ್ಟಿಗಳು ಒಂದರ ಹಿಂದೆ ಒಂದು ರಸ್ತೆಗೆ ಬಡಿಯುತ್ತವೆ. ಗೀರುಗಳಲ್ಲಿ ಸಿಕ್ಕಿಕೊಂಡ ಗಾಳಿ ಅಮುಕಿಕೊಂಡು ಹೊರಗೆ ಚಿಮ್ಮುತ್ತದೆ. ಗಟ್ಟಿಗಳೆಲ್ಲ ಒಂದೇ ಅಳತೆಯಲ್ಲಿದ್ದರೆ ಒಂದೇ ಸ್ವರ ಬಂದು ಕಿವಿ ಕೊರೆಯುತ್ತದೆ ಅಂತಲೇ ಕಂಪನಿಗಳು ಅವುಗಳ ಅಳತೆಯನ್ನು ಬೇಕಂತಲೇ ಹೆಚ್ಚು ಕಡಿಮೆ ಮಾಡಿರುತ್ತವೆ. ಡಾಂಬರು ನಯವಾಗಿದ್ದರೆ ಸದ್ದು ಕಡಿಮೆ, ಗೀರು ಹಾಕಿದ ಕಾಂಕ್ರೀಟ್ ಮೇಲೆ ಜಾಸ್ತಿ. ರಸ್ತೆ ಬದಲಾದ ಕೂಡಲೇ ಸದ್ದೂ ಬದಲಾಯಿತಾ? ಹಾಗಾದರೆ ಅದು ಬಹುಪಾಲು ಟೈರಿನದ್ದೇ.

ಇನ್ನು ಅಲಾಯ್ ವೀಲ್ ಲೆಕ್ಕ. 165/80 ಆರ್14 ಟೈರಿನ ಪಕ್ಕದ ಗೋಡೆ 132 ಮಿ.ಮೀ. ಎತ್ತರ. ಅದನ್ನು ತೆಗೆದು 195/55 ಆರ್16 ಹಾಕಿದರೆ ಹೊರಗಿನ ವ್ಯಾಸ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಆದರೆ ಗೋಡೆ 107 ಮಿ.ಮೀ.ಗೆ ಇಳಿಯುತ್ತದೆ. ರಸ್ತೆಯ ಏಟನ್ನು ನುಂಗುತ್ತಿದ್ದ ರಬ್ಬರ್ 25 ಮಿ.ಮೀ. ಕಡಿಮೆಯಾಯಿತು, ಟೈರಿನ ಅಗಲ 30 ಮಿ.ಮೀ. ಹೆಚ್ಚಾಯಿತು. ಸದ್ದು ಒಳಗೆ ಬರದೆ ಇನ್ನೆಲ್ಲಿ ಹೋಗಬೇಕು?

ಈಗ ಅಪಾಯದ ಕರೆಗಳು.

ಗುಂಯ್ ಸದ್ದು ವೇಗಕ್ಕೆ ತಕ್ಕಂತೆ ಏರುತ್ತದೆ, ಆದರೆ ರಸ್ತೆ ಬದಲಾದರೂ ಬದಲಾಗುವುದಿಲ್ಲ, ದೊಡ್ಡ ತಿರುವಿನಲ್ಲಿ ಹೆಚ್ಚು ಕಡಿಮೆಯಾಗುತ್ತದೆ ಅಂದರೆ ಅನುಮಾನ ಬೇರಿಂಗ್ ಮೇಲೆ. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಕ್ಕೆ ವಾಲುತ್ತದೆ. ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್ ನೋಡಿಸಬೇಕು.

80ರಿಂದ 100 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ಸರಿಯಿಲ್ಲ, ಇಲ್ಲವೇ ವೀಲಿನ ನಡುವಿನ ತೂತು ಹಬ್‌ಗಿಂತ ದೊಡ್ಡದಿದ್ದು ಚಕ್ರ ಮಧ್ಯಕ್ಕೆ ಕೂತಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕರ್ ಅಂದರೆ ಟೈರು ಎಲ್ಲೋ ಉಜ್ಜುತ್ತಿದೆ, ಅಳತೆ ತಪ್ಪಿದೆ. ಟಕ್ ಟಕ್ ಅಂದರೆ ಗೀರಿನಲ್ಲಿ ಕಲ್ಲು ಸಿಕ್ಕಿರಬಹುದು, ನಟ್ ಸಡಿಲವಾಗಿರಬಹುದು. ಕಲ್ಲೇ ಇರಬೇಕು ಅಂತ ಊಹೆ ಮಾಡಿ ಮುಂದೆ ಹೋಗಬೇಡಿ, ಇಳಿದು ನೋಡಿ.

ಪರೀಕ್ಷೆ ಮಾಡುವಾಗ ಒಂದು ಎಚ್ಚರ. ಖಾಲಿ ರಸ್ತೆಯಲ್ಲಿ ಗೇರ್ ನ್ಯೂಟ್ರಲ್‌ಗೆ ತಂದು ಕೇಳಿ. ಸದ್ದು ಹಾಗೇ ಇದ್ದರೆ ಎಂಜಿನ್ನದ್ದಲ್ಲ ಅಂತ ಗೊತ್ತಾಗುತ್ತೆ. ಆದರೆ ಓಡುವಾಗ ಎಂಜಿನ್ ಆಫ್ ಮಾಡಲೇಬೇಡಿ. ಬ್ರೇಕ್, ಸ್ಟೇರಿಂಗ್ ಎರಡೂ ಬಿಗಿಯಾಗಿಬಿಡುತ್ತವೆ.

ಪರಿಹಾರ? ಖರ್ಚಿಲ್ಲದ್ದರಿಂದ ಶುರು ಮಾಡಿ. ಡ್ರೈವರ್ ಬಾಗಿಲ ಪಕ್ಕ ಅಂಟಿಸಿದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ ಗಾಳಿ, ಬೆಳಿಗ್ಗೆ ಟೈರು ತಣ್ಣಗಿದ್ದಾಗ. ಸದ್ದು ಕಡಿಮೆಯಾಗಲಿ ಅಂತ ಅದಕ್ಕಿಂತ ಇಳಿಸಬೇಡಿ. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗುತ್ತದೆ, ಬಿಸಿಯಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಅದು ಸಿಡಿಯಲು ಹೆಚ್ಚು ಹೊತ್ತು ಬೇಡ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಉಲ್ಟಾ ಹಾಕಿಲ್ಲ ತಾನೇ ಅಂತ ನೋಡಿ. ಅಲಾಯ್‌ಗೆ ಅದರದ್ದೇ ನಟ್ ಹಾಕಿದ್ದಾರಾ ಕೇಳಿ. ಮೊದಲ 50–100 ಕಿ.ಮೀ. ಆದ ಮೇಲೆ ಟಾರ್ಕ್ ಪಾನಾದಿಂದ ಮತ್ತೊಮ್ಮೆ ಬಿಗಿ ಮಾಡಿಸಿ. ಅಲೈನ್‌ಮೆಂಟ್ ಮಾಡಿಸಿ. 8–10 ಸಾವಿರ ಕಿ.ಮೀ.ಗೊಮ್ಮೆ ಟೈರುಗಳ ಜಾಗ ಬದಲಿಸಿ. ಇಲ್ಲದಿದ್ದರೆ ಹಲ್ಲು ಹಲ್ಲಾಗಿ ಸವೆದು, ಒಳ್ಳೆಯ ಟೈರೂ ಕೂಗಲು ಶುರು ಮಾಡುತ್ತದೆ. ಇಷ್ಟೆಲ್ಲ ಆದ ಮೇಲೂ ಕಿರಿಕಿರಿ ಇದ್ದರೆ ಬಾಗಿಲ ರಬ್ಬರ್, ನೆಲದ ಡ್ಯಾಂಪಿಂಗ್ ಶೀಟ್. ಅಂಗಡಿಯವರು ಇದನ್ನೇ ಮೊದಲು ಮಾರುತ್ತಾರೆ. ನೀವು ಕೊನೆಗೆ ಕೊಳ್ಳಿ.

ಸರ್ಕಾರವೂ ಸುಮ್ಮನಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಟೈರಿನ ಉರುಳುವ ಸದ್ದು, ಒದ್ದೆ ರಸ್ತೆಯ ಹಿಡಿತ, ಉರುಳುವ ಪ್ರತಿರೋಧಕ್ಕೆ ಎಐಎಸ್-142 ಮಾನದಂಡ ಕಡ್ಡಾಯ ಮಾಡಿ ಅಧಿಸೂಚನೆ ಹೊರಡಿಸಿತು. ಆದರೆ ಅಲ್ಲಿ ಅಳೆಯುವುದು ರಸ್ತೆ ಪಕ್ಕ ಕೇಳುವ ಸದ್ದನ್ನು, ನಿಮ್ಮ ಸೀಟಿನಲ್ಲಿ ಕೇಳುವುದನ್ನಲ್ಲ. ಸಡಿಲವಾದ ನಟ್ ಅಂತೂ ಯಾವ ಅಧಿಸೂಚನೆಗೂ ಸಿಗುವುದಿಲ್ಲ.

ಕೊನೆಯ ಮಾತು. 2024ರ ಜೂನ್ 28ರ ಬೆಳಗಿನ ಜಾವ ಇದೇ ಹೆದ್ದಾರಿ 48ರಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ತೀರಿಕೊಂಡರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು, ದೇವರ ದರ್ಶನ ಮುಗಿಸಿ ಊರಿಗೆ ಹೊರಟಿದ್ದರು. ಆ ದುರಂತಕ್ಕೂ ಟೈರಿನ ಸದ್ದಿಗೂ ಸಂಬಂಧವಿಲ್ಲ. ಆದರೆ ಈ ರಸ್ತೆಯ ಅಂಚಿನಲ್ಲಿ ಗಾಡಿ ನಿಲ್ಲುವುದು ಎಂದರೆ ಏನು ಎಂದು ಅದು ತೋರಿಸಿತು. ಚಕ್ರ ಕೈಕೊಟ್ಟು ಕತ್ತಲಲ್ಲಿ ಹೀಗೆ ನಿಲ್ಲುವ ಗಾಡಿ ನಮ್ಮದೂ ಆಗಬಹುದು, ಅಲ್ವಾ? ನಮಗೂ ಅಪಾಯ, ಹಿಂದೆ ಬರುವವರಿಗೂ ಅಪಾಯ.

ಆದ್ದರಿಂದ ಹೊಸ ಟೈರು ಹಾಕಿಸಿದ ದಿನವೇ ದೂರದ ಊರಿಗೆ ಹೊರಡಬೇಡಿ. ಎರಡು ದಿನ ಊರೊಳಗೆ ಓಡಿಸಿ, ರೇಡಿಯೊ ಆಫ್ ಮಾಡಿ ಕೇಳಿ, ನಟ್ ಬಿಗಿ ಮಾಡಿಸಿ, ಆಮೇಲೆ ಹೊರಡಿ. ಮದುವೆ ಊಟಕ್ಕೆ ನಾನು ಆವತ್ತು ಒಂದು ಗಂಟೆ ತಡವಾಗಿ ಹೋದೆ. ಆದರೆ ಹೋಗಿ ಸೇರಿದೆ.