ಜೀರಿಗೆಯ ಊಟದ ಹಟ

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ಮಗಳ ಮನೆಗೆ ಹೋದ ಮೊದಲ ದಿನವೇ ನನ್ನ ಒಂದು ಕಾಲುಚೀಲ ಕಾಣೆಯಾಯಿತು. ಎರಡನೆಯ ದಿನ ಕನ್ನಡಕದ ಡಬ್ಬಿ. ಮೂರನೆಯ ದಿನ ನನ್ನ 11 ವರ್ಷದ ಮೊಮ್ಮಗಳು ಸೋಫಾದ ಮುಂದೆ ಬೋರಲು ಮಲಗಿ, ಅಡಿಗೆ ಕೈ ಚಾಚಿ ಕನ್ನಡಕದ ಡಬ್ಬಿಯನ್ನು ಹೊರಗೆಳೆದಳು. ಅದರ ಹಿಂದೆಯೇ ಒಂದು ಚಮಚ, ಅವಳಪ್ಪನ ಕಾರಿನ ಕೀಲಿ, ಅರ್ಧ ಪೆನ್ಸಿಲ್ ಬಂದವು. ಕಾಲುಚೀಲ ಬರಲಿಲ್ಲ.

“ಅಜ್ಜಿ, ಇದು ಬೆಣ್ಣೆಯ ಬ್ಯಾಂಕು” ಎಂದಳು.

ಬೆಣ್ಣೆ ಎಂದರೆ ಅವರ ಮನೆಯ ಫೆರೆಟ್. ಮಕ್ಕಳೇ, ನೀವು ಈ ಪ್ರಾಣಿಯನ್ನು ನೋಡಿರಲಾರಿರಿ. ಉದ್ದನೆಯ ಮೈ, ಗಿಡ್ಡ ಕಾಲು, ಗುಂಡು ಕಿವಿ. ದೂರದಿಂದ ನೋಡಿದರೆ ನಮ್ಮ ಮುಂಗುಸಿಯೇ ಅನ್ನಬೇಕು. ಆದರೆ ಮುಂಗುಸಿಯ ಕುಲವೇ ಬೇರೆ. ಫೆರೆಟ್‌ಗೆ ನಿಜವಾದ ನೆಂಟ ನಮ್ಮ ತುಂಗಭದ್ರೆಯಲ್ಲಿ, ಕಾವೇರಿಯಲ್ಲಿ ಮೀನು ಹಿಡಿಯುವ ನೀರುನಾಯಿ. ಯುರೋಪಿನ ಕಾಡಿನಲ್ಲಿರುವ ಪೋಲ್‌ಕ್ಯಾಟ್ ಎಂಬ ಬೇಟೆಗಾರ ಪ್ರಾಣಿಯನ್ನು ಮನುಷ್ಯರು ಎರಡು ಸಾವಿರ ವರ್ಷಕ್ಕೂ ಹಿಂದೆ ಪಳಗಿಸಿ ಫೆರೆಟ್ ಮಾಡಿಕೊಂಡರು. ಬಿಲದೊಳಗೆ ನುಗ್ಗಿ ಮೊಲಗಳನ್ನು ಹೊರಗೆ ಓಡಿಸುವುದು ಅದರ ಕೆಲಸವಾಗಿತ್ತು. ಲೀಡ್ಸ್ ಇರುವ ಯಾರ್ಕ್‌ಷೈರ್ ಸೀಮೆಯ ಹಳ್ಳಿಗಳಲ್ಲಿ ಈ ಕೆಲಸಕ್ಕೆ ಫೆರೆಟ್ ಸಾಕುವವರು ಈಗಲೂ ಇದ್ದಾರೆ. ಫೆರೆಟ್ ಎಂಬ ಹೆಸರು ಬಂದಿರುವುದೇ ಲ್ಯಾಟಿನ್ ಭಾಷೆಯ ‘ಪುಟ್ಟ ಕಳ್ಳ’ ಎಂಬ ಪದದಿಂದ. ನನ್ನ ಕಾಲುಚೀಲದ ವಿಷಯದಲ್ಲಿ ಅದು ಅಕ್ಷರಶಃ ನಿಜ. ಗಂಡು ಫೆರೆಟ್ ‘ಹಾಬ್’, ಹೆಣ್ಣು ‘ಜಿಲ್’. ಫೆರೆಟ್‌ಗಳ ಗುಂಪಿಗೆ ಇಂಗ್ಲಿಷಿನಲ್ಲಿ ‘ಬಿಸಿನೆಸ್’ ಎನ್ನುತ್ತಾರೆ!

ನಮ್ಮ ಮನೆಯ ಬಿಸಿನೆಸ್ಸಿನಲ್ಲಿ ಇಬ್ಬರೇ ಪಾಲುದಾರರು. ಬೆಣ್ಣೆ 4 ತಿಂಗಳ ಬಿಳಿ ಹಾಬ್. ಜೀರಿಗೆ 4 ವರ್ಷದ ಕಂದು ಜಿಲ್. ಫೆರೆಟ್‌ಗಳು ಬದುಕುವುದೇ ಆರೆಂಟು ವರ್ಷವಾದ್ದರಿಂದ ಜೀರಿಗೆ ಹೆಚ್ಚುಕಡಿಮೆ ನನ್ನ ಓರಗೆಯವಳು. ಯಾರೋ ಸಾಕಲಾರದೆ ಬಿಟ್ಟವಳನ್ನು ಇವರು ತಂದಿದ್ದರು. ಇಬ್ಬರಿಗೂ ಊಟ ಕಿಬಲ್. ಎಂದರೆ ಅಂಗಡಿಯಲ್ಲಿ ಚೀಲದಲ್ಲಿ ಸಿಗುವ, ಹುರಿದ ಹುರುಳಿಕಾಳಿನಂತೆ ಕಾಣುವ ಒಣ ತಿನಿಸು.

ಕಿಬಲ್ ಬಿಡಿಸಿ ಹಸಿ ಮಾಂಸಕ್ಕೆ ಒಗ್ಗಿಸಬೇಕೆಂದು ಹಟ ಹಿಡಿದವಳು ಮೊಮ್ಮಗಳು. ಅವಳು ಕಾರಣವನ್ನೂ ಓದಿಕೊಂಡಿದ್ದಳು. ಹಸುವಿನ ಹೊಟ್ಟೆ, ಮೊಲದ ಹೊಟ್ಟೆ ಹುಲ್ಲನ್ನು ಗಂಟೆಗಟ್ಟಲೆ ಕೂಡಿಟ್ಟು ಕೊಳೆಸಿ ಜೀರ್ಣಿಸುತ್ತವೆ. ಫೆರೆಟ್‌ನ ಕರುಳು ತೀರ ಗಿಡ್ಡ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಗೆ ಬಂದುಬಿಡುತ್ತದೆ. ಅಷ್ಟು ಬೇಗ ಮಾಂಸದ ಸತ್ವವನ್ನು ಹೀರಬಹುದು, ಜೋಳ, ಅಕ್ಕಿ, ಬಟಾಣಿಯದ್ದನ್ನಲ್ಲ. ಆದರೆ ಕಿಬಲ್ ಕಾಳು ಪುಡಿಯಾಗದೆ ಗಟ್ಟಿಯಾಗಿ ನಿಲ್ಲಬೇಕಾದರೆ ಅದರಲ್ಲಿ ಒಂದಿಷ್ಟು ಹಿಟ್ಟು ಇರಲೇಬೇಕು. ಎಲ್ಲ ಕಿಬಲ್ಲೂ ಕೆಟ್ಟದ್ದೇನಲ್ಲ. ಮಾಂಸವೇ ಹೆಚ್ಚಿರುವ ಒಳ್ಳೆಯ ಕಿಬಲ್ ತಿಂದು ಚೆನ್ನಾಗಿ ಬಾಳುವ ಫೆರೆಟ್‌ಗಳು ಬೇಕಾದಷ್ಟಿವೆ. ಇವರ ಮನೆಯ ಚೀಲದ ಹಿಂದೆ ಬರೆದ ಪಟ್ಟಿಯಲ್ಲಿ ಮಾತ್ರ ಮೊದಲ ಹೆಸರೇ ಜೋಳದ್ದಾಗಿತ್ತು.

ನನ್ನ ಸ್ಥಿತಿ ಯೋಚಿಸಿ. ಚಾತುರ್ಮಾಸದಲ್ಲಿ ಈರುಳ್ಳಿಯನ್ನೂ ಬಿಡುವವಳು ನಾನು. ಅಳಿಯನೇ ನನ್ನ ಮುಖ ನೋಡಿ, “ಅತ್ತೆ, ಮಾಂಸದ ಕೆಲಸವೆಲ್ಲ ಹಿತ್ತಿಲ ಶೆಡ್ಡಿನಲ್ಲಿ. ಫ್ರೀಜರ್, ಹಲಗೆ, ಚಾಕು ಎಲ್ಲ ಬೇರೆ. ನೀವು ನೋಡುವುದೂ ಬೇಡ” ಎಂದ. ನೋಡದೆ ಇರಲು ನನ್ನಿಂದಾಗಲಿಲ್ಲ ಎನ್ನುವುದು ಬೇರೆ ಮಾತು.

ಬೆಣ್ಣೆ ಎರಡೇ ದಿನದಲ್ಲಿ ಕೋಳಿಯ ಕೈಮಕ್ಕೆ ಒಗ್ಗಿದ. ಜೀರಿಗೆ ಬಟ್ಟಲ ಬಳಿ ಬಂದಳು, ಮೂಸಿದಳು, ಮೂಗನ್ನು ಕಾರ್ಪೆಟ್ಟಿಗೆ ಒರೆಸಿಕೊಂಡಳು, ಹಿಂದೆ ಸರಿದಳು. ಮರುದಿನವೂ ಅದೇ. ಅದು ತಿನ್ನುವ ವಸ್ತು ಎಂದೇ ಅವಳಿಗೆ ತೋರಲಿಲ್ಲ.

ಆಗ ನಾನು ಬಾಯಿ ಹಾಕಿದೆ. ಹಿರಿಯರಿಗೆ ಅದೊಂದು ಕಾಯಿಲೆ. “ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು. ಆ ಕಿಬಲ್ ಬಟ್ಟಲು ಎತ್ತಿಡಿ. ಹಸಿದರೆ ತಾನೇ ತಿನ್ನುತ್ತಾಳೆ. ನಿನ್ನಮ್ಮನಿಗೆ ಹಾಗಲಕಾಯಿ ಕಲಿಸಿದ್ದೂ ಹೀಗೆಯೇ” ಎಂದೆ. ಬೆಳಗ್ಗೆ 8 ಗಂಟೆಗೆ ಬಟ್ಟಲು ಎತ್ತಿಟ್ಟದ್ದು ನಾನೇ.

ಸಂಜೆ ಮೊಮ್ಮಗಳು ಶಾಲೆಯಿಂದ ಬಂದು ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಜೀರಿಗೆ ತನ್ನ ಬಟ್ಟೆಯ ತೂಗುಮಂಚದಲ್ಲಿ ಕಣ್ಣು ತೆರೆದೇ ಬಿದ್ದಿದ್ದಳು. ನೋಟ ಎಲ್ಲೋ ಇತ್ತು. ಬಾಯಲ್ಲಿ ಜೊಲ್ಲು. ಕೆಳಗಿಳಿಸಿದರೆ ಹಿಂಗಾಲು ನೆಲ ಹಿಡಿಯಲೊಲ್ಲದು, ಎಳೆದುಕೊಂಡು ಹೋಗುತ್ತಿದೆ. ಮಗಳು ಪಶುವೈದ್ಯೆಗೆ ಫೋನ್ ಮಾಡಿದಳು. ಆಕೆ ಹೇಳಿದಂತೆ ಹತ್ತಿಯ ಕಡ್ಡಿಯಿಂದ ಒಸಡಿಗೆ ಸ್ವಲ್ಪ ಜೇನುತುಪ್ಪ ಸವರಿದೆವು. ಬೆರಳು ಹಾಕಬೇಡಿ, ಮೈಮೇಲೆ ಎಚ್ಚರವಿಲ್ಲದಾಗ ಕಚ್ಚುತ್ತವೆ ಎಂದೂ ಆಕೆ ಎಚ್ಚರಿಸಿದ್ದರು. ಕೆಲವು ನಿಮಿಷದಲ್ಲಿ ಜೀರಿಗೆ ತಲೆ ಎತ್ತಿದಳು. ನೆನೆಸಿದ ಕಿಬಲ್ ತಿನ್ನಿಸಿ, ಟವೆಲಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಮೊಮ್ಮಗಳು ನನ್ನ ಕಡೆ ತಿರುಗಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಸಕ್ಕರೆ ತೀರ ಇಳಿದಿತ್ತು. ಇನ್ನಷ್ಟು ಪರೀಕ್ಷೆಗಳಾದ ಮೇಲೆ ಕಾರಣ ತಿಳಿಯಿತು. ನಡುವಯಸ್ಸು ದಾಟಿದ ಫೆರೆಟ್‌ಗಳಲ್ಲಿ ಮೇದೋಜೀರಕ ಗ್ರಂಥಿಯ ಮೇಲೆ ಚಿಕ್ಕ ಗಡ್ಡೆಗಳು ಏಳುವುದು ಸಾಮಾನ್ಯವಂತೆ. ಇನ್ಸುಲಿನೋಮ ಎಂದು ಅದಕ್ಕೆ ಹೆಸರು. ಗಡ್ಡೆ ಬೇಡದಷ್ಟು ಇನ್ಸುಲಿನ್ ಸುರಿಸುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. ನನ್ನದು ಸಕ್ಕರೆ ಏರುವ ಕಾಯಿಲೆ, ಅವಳದ್ದು ಇಳಿಯುವ ಕಾಯಿಲೆ. ರೋಗ ಮೊದಲೇ ಒಳಗಿತ್ತು. ಆದರೆ ಅವಳನ್ನು ನೆಲಕ್ಕೆ ಕೆಡವಿದ್ದು ಎಂಟು ಗಂಟೆಯ ಉಪವಾಸ, ಎಂದರೆ ನನ್ನ ಗಾದೆ. ವೈದ್ಯೆ ಬೈಯಲಿಲ್ಲ. ರೋಗವಿಲ್ಲದ ಫೆರೆಟ್ ಕೂಡ ದಿನಕ್ಕೆ ಹತ್ತು ಸಲ ಚೂರು ಚೂರು ತಿನ್ನುವ ಪ್ರಾಣಿ, ಉಪವಾಸ ಕೆಡವಿ ಊಟ ಬದಲಿಸುವ ಉಪಾಯ ಅದಕ್ಕೆ ಸಲ್ಲದು ಎಂದಷ್ಟೇ ಹೇಳಿದರು.

ಮತ್ತೆ ಜೀರಿಗೆ ಏಕೆ ತಿನ್ನಲಿಲ್ಲ? ವೈದ್ಯೆ ಹೇಳಿದ್ದು ನನಗೆ ಬಹಳ ಹಿಡಿಸಿತು. ಫೆರೆಟ್ ಕಣ್ಣಿನಿಂದಲ್ಲ, ಮೂಗಿನಿಂದ ಊಟವನ್ನು ಗುರುತಿಸುತ್ತದೆ. ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಯಾವ ವಾಸನೆಯ ಊಟ ಸಿಕ್ಕಿತೋ ಅದೇ ಊಟ ಎಂದು ಮೂಗಿನಲ್ಲಿ ಅಚ್ಚೊತ್ತಿಬಿಡುತ್ತದೆ. ಆರು ತಿಂಗಳು ದಾಟಿದ ಮೇಲೆ ಆ ಪಟ್ಟಿಗೆ ಹೊಸ ಹೆಸರು ಸೇರಿಸುವುದು ಕಷ್ಟ. ಬೆಣ್ಣೆಯ ಪಟ್ಟಿ ಇನ್ನೂ ತೆರೆದಿತ್ತು. ಜೀರಿಗೆಯದು ಮುಚ್ಚಿ ವರ್ಷಗಳಾಗಿದ್ದವು. ನನಗೆ ಒಗ್ಗರಣೆಯ ಇಂಗಿನ ವಾಸನೆ ಬಂದರೆ ಹಸಿವಾಗುತ್ತದೆ. ಮೊಮ್ಮಗಳ ಗೆಳತಿಯೊಬ್ಬಳು ಅದೇ ವಾಸನೆಗೆ ಮೂಗು ಮುಚ್ಚಿ ಹೊರಗೆ ಓಡಿದ್ದಳು. ಹಾಗೆಯೇ ಇದು.

ದಿನಕ್ಕೆ ಎರಡು ಸಲ ಔಷಧ ಶುರುವಾಯಿತು. ಮಾಂಸದ ಊಟ ಈಗ ಮೊಮ್ಮಗಳ ಆಸೆಯಾಗಿ ಉಳಿಯಲಿಲ್ಲ. ಹಿಟ್ಟು, ಸಿಹಿ ಇಲ್ಲದ ಮಾಂಸ ಮತ್ತು ಕೊಬ್ಬಿನ ಊಟ ಅವಳಿಗೆ ಬೇಕೇ ಬೇಕು, ಆದರೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಹೊಟ್ಟೆ ಖಾಲಿ ಇರಕೂಡದು ಎಂದಾಯಿತು. ಜೇನುತುಪ್ಪ ಕುಸಿದು ಬಿದ್ದಾಗ ಮಾತ್ರ, ಉಳಿದಂತೆ ಸಿಹಿ ಮುಟ್ಟಿಸುವ ಹಾಗಿಲ್ಲ.

ಅಳಿಯ, ಮಗಳು ಕೆಲಸಕ್ಕೆ, ಹುಡುಗಿ ಶಾಲೆಗೆ. ಹಗಲು ಹೊತ್ತಿನ ಊಟ ಯಾರು ಹಾಕಬೇಕು? ನಾನೇ ಕೈಗವಸು ಹಾಕಿಕೊಂಡೆ.

ಮೊದಲು ಕಿಬಲ್ಲನ್ನೇ ಬಿಸಿನೀರಿನಲ್ಲಿ ನೆನೆಸಿ ಅಂಬಲಿ ಮಾಡಿದೆವು. ಅದನ್ನೇ ಅವಳು ಒಂದು ದಿನ ಅನುಮಾನದಿಂದ ನೋಡಿದಳು! ಅದಕ್ಕೆ ಒಗ್ಗಿದ ಮೇಲೆ, ಅಂಬಲಿಗೆ ಬಟಾಣಿ ಗಾತ್ರದ ಕೋಳಿ ಮಾಂಸವನ್ನು ನುಣ್ಣಗೆ ರುಬ್ಬಿ ಬೆರೆಸಿದೆವು. ಎರಡು ದಿನ ಬಿಟ್ಟು ಎರಡು ಬಟಾಣಿಯಷ್ಟು. ಬಟ್ಟಲನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಬೇಕು. ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ವಾಸನೆ ಇಲ್ಲದಿದ್ದರೆ ಅದು ಊಟವಲ್ಲ. ಹೊಸ ವಾಸನೆ ಜಾಸ್ತಿಯಾಯಿತು ಎಂದು ಅವಳು ಹಿಂದೆ ಸರಿದ ದಿನ, ಒಣ ಕಿಬಲ್ಲನ್ನು ಕುಟ್ಟಿ ಅನ್ನಕ್ಕೆ ಚಟ್ನಿಪುಡಿ ಉದುರಿಸಿದಂತೆ ಮೇಲೆ ಉದುರಿಸುತ್ತಿದ್ದೆ. ಹಳೆಯ ವಾಸನೆಗೆ ಬಾಯಿ ಹಾಕಿದವಳಿಗೆ ಕೆಳಗಿನ ಹೊಸದು ನಾಲಿಗೆಗೆ ಸಿಕ್ಕುತ್ತಿತ್ತು. ಅದೂ ನಡೆಯದಿದ್ದರೆ ತುಟಿಯ ಅಂಚಿಗೆ ಒಂದು ಹನಿ ಸವರುವುದು. ಒರೆಸಿಕೊಳ್ಳಲು ನಾಲಿಗೆ ಹೊರಗೆ ಬರುತ್ತದಲ್ಲ, ಅಷ್ಟು ಸಾಕು. ನಾಲ್ಕು ಗಂಟೆಯೊಳಗೆ ಏನೂ ತಿನ್ನಲಿಲ್ಲವೆಂದರೆ ಹಟ ಮಾಡದೆ ಹಳೆಯ ಕಿಬಲ್ ಅಂಬಲಿ.

ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಕ ನೋಡಿ ಬರೆಯುವ ಕೆಲಸ ಮೊಮ್ಮಗಳದು. (ರವೆ ತೂಗಲು ನನಗೆ ಬೇರೆ ತಕ್ಕಡಿ ತರಿಸಿದೆ.) ಆಸ್ಪತ್ರೆಗೆ ಹೋದ ದಿನ 690 ಗ್ರಾಂ ಇದ್ದವಳು ಮೂರನೆಯ ವಾರ 655ಕ್ಕೆ ಇಳಿದಳು. ಆ ಪುಟವನ್ನು ತೋರಿಸುವಾಗ ಹುಡುಗಿಯ ತುಟಿ ನಡುಗುತ್ತಿತ್ತು. ವೈದ್ಯೆಯನ್ನು ಕೇಳಿ, ಮಾಂಸವನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು ಕಿಬಲ್ ಹೆಚ್ಚಿಸಿದೆವು. ಮಲವನ್ನೂ ನೋಡಬೇಕಿತ್ತು. ಹಸಿರಾಗಿ ಲೋಳೆಯಾಗಿದ್ದರೆ ಬದಲಾವಣೆ ಅವಸರದ್ದಾಯಿತು ಎಂದು ಅರ್ಥ. ಮೊಮ್ಮಕ್ಕಳ ಲಂಗೋಟಿ ಒಗೆದ ಕೈಗೆ ಅದೇನು ದೊಡ್ಡದಲ್ಲ.

ಬರೀ ಮಾಂಸದ ಚೂರು ಹಾಕಿದರೆ ಆಗುವುದಿಲ್ಲ ಎನ್ನುವುದೂ ಆಗಲೇ ತಿಳಿದದ್ದು. ಕಾಡಿನ ಪೋಲ್‌ಕ್ಯಾಟ್ ಇಲಿಯನ್ನು, ಮೊಲವನ್ನು ಮೂಳೆ, ಈಲಿ, ಗುಂಡಿಗೆ ಸಮೇತ ತಿನ್ನುತ್ತದೆ. ಮೂಳೆ ಇಲ್ಲದಿದ್ದರೆ ಸುಣ್ಣದ ಅಂಶ ಸಿಗುವುದಿಲ್ಲ. ಈಲಿ ಅತಿಯಾದರೆ ಅದೂ ತೊಂದರೆಯೇ. ಅದಕ್ಕೆ ಅಲ್ಲಿ ಎಲ್ಲವನ್ನೂ ಅಳತೆಯಲ್ಲಿ ಸೇರಿಸಿದ ಕೈಮ ಫ್ರೀಜರಿನಲ್ಲಿ ಸಿಗುತ್ತದೆ. ಮೇಲೆ ‘ಕಂಪ್ಲೀಟ್’ ಎಂದು ಬರೆದಿರುವುದನ್ನೇ ಅಳಿಯ ತರುತ್ತಿದ್ದ. ಮೂಳೆಯಿದ್ದ ಮಾಂಸವನ್ನು ಮಾತ್ರ ಯಾವತ್ತೂ ಬೇಯಿಸಬಾರದು. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ.

ಇನ್ನು ಮನೆಯವರ ಮಾತು. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳಿರಬಹುದು. ಫ್ರೀಜರಿನ ಚಳಿಗೆ ಅವೆಲ್ಲ ಸಾಯುವುದಿಲ್ಲ. ಕೂಸುಗಳು, ನನ್ನಂಥ ವಯಸ್ಸಾದವರು ಇರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ, ಮಾಂಸದ ಊಟವೇ ಬೇಡವೆನ್ನುವ ವೈದ್ಯರೂ ಇದ್ದಾರೆ. ಬಟ್ಟಲನ್ನು ಅರ್ಧ ಗಂಟೆಗೆ ಎತ್ತಿ ತೊಳೆಯುವುದು, ಕೈಗೆ ಸೋಪು, ಇದರಲ್ಲಿ ನಾನು ಮಡಿಯನ್ನೇ ಜಾರಿಗೆ ತಂದೆ. ಆದರೂ ಬೆಣ್ಣೆ ಕಳ್ಳನಲ್ಲವೇ! ಒಂದು ಮಧ್ಯಾಹ್ನ ಕೋಣೆಯಲ್ಲಿ ಕೆಟ್ಟ ನಾತ. ಹುಡುಕಿದರೆ ಪುಸ್ತಕದ ಕಪಾಟಿನ ಹಿಂದೆ ಕೋಳಿಯ ರೆಕ್ಕೆಯ ತುಂಡು. ಅಂದಿನಿಂದ ಇಬ್ಬರಿಗೂ ಊಟ ಪಂಜರದೊಳಗೇ, ಬಾಗಿಲು ಹಾಕಿ.

ನಮ್ಮಿಂದ ಅವಕ್ಕೂ ರೋಗ ಹೋಗುತ್ತದೆ. ಮನುಷ್ಯರ ಫ್ಲೂ ಫೆರೆಟ್‌ಗೆ ಸುಲಭವಾಗಿ ತಗಲುತ್ತದೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ಸನ್ನು ಮೊದಲು ಪತ್ತೆಹಚ್ಚಿದ್ದೇ ಫೆರೆಟ್‌ಗಳ ನೆರವಿನಿಂದ. ಆ ಪ್ರಯೋಗಗಳು ನಡೆದಿರುವಾಗ ಫೆರೆಟ್ ಒಂದು ಸೀನಿ, ಸಂಶೋಧಕರೊಬ್ಬರಿಗೇ ಫ್ಲೂ ಅಂಟಿಸಿತು! ನನಗೆ ನೆಗಡಿಯಾದ ಐದು ದಿನ ಮೊಮ್ಮಗಳು ನನ್ನನ್ನು ಪಂಜರದ ಹತ್ತಿರ ಸೇರಿಸಲಿಲ್ಲ. ಬಾಗಿಲಲ್ಲಿ ನಿಂತೇ, “ಅಜ್ಜಿ, ನೀನು ಮಾಸ್ಕ್ ಹಾಕಿದರೂ ಬೇಡ” ಎಂದಳು.

ಏಳನೆಯ ವಾರ. ಮಧ್ಯಾಹ್ನ ಒಂದು ಗಂಟೆ, ಮಳೆ. ನಾನು ಚಟ್ನಿಪುಡಿಯ ಹಾಗೆ ಕಿಬಲ್ ಪುಡಿ ಉದುರಿಸಲು ಮರೆತೇಬಿಟ್ಟಿದ್ದೆ. ನೆನಪಾಗಿ ತಿರುಗಿ ನೋಡುವಷ್ಟರಲ್ಲಿ ಜೀರಿಗೆ ಬಟ್ಟಲಿಗೆ ಮುಖವಿಟ್ಟಿದ್ದಳು. ಅರ್ಧ ತಿಂದು, ತಲೆಯೆತ್ತಿ, ಮೀಸೆ ನೆಕ್ಕಿಕೊಂಡು ಉಳಿದರ್ಧವನ್ನೂ ತಿಂದಳು. ಮೂಗನ್ನು ಕಾರ್ಪೆಟ್ಟಿಗೆ ಒರೆಸಲಿಲ್ಲ. ಶಾಲೆಯಿಂದ ಬಂದ ಹುಡುಗಿಗೆ ಖಾಲಿ ಬಟ್ಟಲು ತೋರಿಸಿದೆ. ಅವಳು ಬ್ಯಾಗನ್ನೂ ಇಳಿಸದೆ ನನ್ನನ್ನು ಅಪ್ಪಿಕೊಂಡಳು.

ಪೂರ್ತಿ ಬದಲಾದಳು ಎಂದೇನಲ್ಲ. ರಾತ್ರಿ ಮಲಗುವ ಮೊದಲು ಅವಳಿಗೆ ಎರಡು ಚಮಚ ಕಿಬಲ್ ಅಂಬಲಿ ಬೇಕೇ ಬೇಕು. ಈಗ ತರುವುದು ಮಾಂಸ ಹೆಚ್ಚಿರುವ ಕಿಬಲ್. ಇರಲಿ ಬಿಡಿ ಎಂದರು ವೈದ್ಯೆ. ಗಡ್ಡೆಯೂ ಇದೆ, ಔಷಧವೂ ಇದೆ. ಊಟದಿಂದ ಅದು ವಾಸಿಯಾಗುವಂಥದ್ದಲ್ಲ ಎಂದು ಅವರು ಮೊಮ್ಮಗಳಿಗೇ ಎದುರು ಕೂರಿಸಿಕೊಂಡು ಹೇಳಿದರು. ಹುಡುಗಿ ಕೇಳಿಸಿಕೊಂಡಳು, ಒಂದೆರಡು ಪ್ರಶ್ನೆ ಕೇಳಿದಳು, ಅತ್ತಳು, ಮರುದಿನ ಎದ್ದು ತೂಕ ಬರೆದಳು.

ನಾನು ಶಿವಮೊಗ್ಗಕ್ಕೆ ಬಂದು ಎರಡು ತಿಂಗಳಾಯಿತು. ಪ್ರತಿ ಭಾನುವಾರ ಫೋನಿನಲ್ಲಿ ಅವಳು ಮೊದಲು ಹೇಳುವುದು ಜೀರಿಗೆಯ ತೂಕ, ಮೊನ್ನೆ 705. ಆಮೇಲೆ ನನ್ನ ಸಕ್ಕರೆ ಎಷ್ಟು ಎಂದು ಕೇಳಿ ಅದನ್ನೂ ಅದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಕಾಲುಚೀಲ ಇನ್ನೂ ಸಿಕ್ಕಿಲ್ಲವಂತೆ.