ಗುರುತು ಕಾಣದೆ ಸಾಯುವ ಮೀನು

ಮೈಮೇಲೆ ಚುಕ್ಕೆಯಿಲ್ಲ, ಗಾಯವಿಲ್ಲ. ನಿನ್ನೆವರೆಗೂ ಚುರುಕಾಗಿದ್ದ ಮೀನು ಇವತ್ತು ಮೂಲೆ ಹಿಡಿದಿದೆ, ಮೇವು ಮುಟ್ಟುತ್ತಿಲ್ಲ. ಹೆಚ್ಚಿನವರು ಆಗ ಅಂಗಡಿಗೆ ಓಡಿ ನೀಲಿ ಔಷಧಿಯ ಬಾಟಲಿ ತಂದು ಸುರಿಯುತ್ತಾರೆ. ದಯವಿಟ್ಟು ತಡೆಯಿರಿ. ಎಷ್ಟು ಮೀನಿಗೆ ಹೀಗಾಗಿದೆ, ಎಷ್ಟು ಬೇಗ ಆಯಿತು ಎಂಬುದನ್ನು ಮೊದಲು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕೆಲವೇ ಗಂಟೆಗಳಲ್ಲಿ ತೊಟ್ಟಿಯ ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ಬಿಡತೊಡಗಿದರೆ ತೊಂದರೆ ಬಹುತೇಕ ನೀರಿನಲ್ಲಿದೆ. ಮೀನಿನ ಮಲ, ಉಳಿದ ಮೇವಿನಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ವ್ಯವಸ್ಥೆ ಕುದುರಲು ಸುಮಾರು 4ರಿಂದ 6 ವಾರ ಬೇಕು. ಹಳೆಯ ತೊಟ್ಟಿಯಲ್ಲೂ ಫಿಲ್ಟರಿನ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಪಿಎಚ್ ಮತ್ತು ಬಿಸಿ ಏರಿದಷ್ಟೂ ಅಮೋನಿಯಾದ ವಿಷವೂ ಏರುತ್ತದೆ. ಹಾಗಾಗಿ ಪಿಎಚ್ 6.8ರಲ್ಲಿ ಮೀನು ತಾಳಿಕೊಳ್ಳುವ ಪ್ರಮಾಣವೇ 8.5ರಲ್ಲಿ ಅದನ್ನು ಕೊಲ್ಲಬಹುದು. ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ಮೇಲೆ ಅನುಮಾನವಿರಲಿ. ಅದು ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯುತ್ತದೆ. ಎರಡರಲ್ಲಿ ಯಾವುದು ಕಂಡರೂ ಕ್ಲೋರಿನ್ ತೆಗೆದ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ, ಗಾಳಿಯ ಪಂಪನ್ನು ಜೋರು ಮಾಡಿ.

ನಮ್ಮ ಮನೆಗಳಲ್ಲಿ ಲೆಕ್ಕಕ್ಕೇ ಬಾರದ ಕಾರಣ ಇನ್ನೊಂದಿದೆ: ಸೊಳ್ಳೆ ಔಷಧಿ. ಕಾಯಿಲ್, ಲಿಕ್ವಿಡ್, ಜಿರಳೆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ಮೀನಿಗೆ ಕಡು ವಿಷ. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದನ್ನು ಮರೆಯಬೇಡಿ.

ಒಂದಾದ ಮೇಲೊಂದರಂತೆ ನಿಧಾನವಾಗಿ ಕಾಯಿಲೆ ಬೀಳುತ್ತಿದ್ದರೆ ಆಗ ರೋಗಾಣು, ಪರಾವಲಂಬಿಗಳ ಕಡೆ ತಿರುಗಿ. ಕಲ್ಲಿಗೆ ಮೈ ಉಜ್ಜುವ ಮೀನಿನ ಮೇಲೆ, ಕತ್ತಲಲ್ಲಿ ಪಕ್ಕದಿಂದ ಟಾರ್ಚ್ ಬಿಡಿ. ಚಿನ್ನದ ಬಣ್ಣದ ಪುಡಿ ಕಂಡರೆ ಅದು ವೆಲ್ವೆಟ್ ರೋಗ. ರವೆಯಂಥ ಬಿಳಿ ಚುಕ್ಕೆ ‘ಇಕ್’. ಇದರ ಔಷಧಿ ತಟ್ಟುವುದು ಪರಾವಲಂಬಿ ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ. ಆದ್ದರಿಂದ ಚುಕ್ಕೆ ಮಾಯವಾದ ಕೂಡಲೇ ಚಿಕಿತ್ಸೆ ನಿಲ್ಲಿಸಬಾರದು. ಬಾಯಿ ಸುತ್ತ ಹತ್ತಿಯಂತೆ ಬೆಳೆಯುವುದು ಅನೇಕ ಸಲ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ. ಶಿಲೀಂಧ್ರದ ಔಷಧಿ ಇದಕ್ಕೆ ನಾಟದು, ಹೀಟರ್ ಏರಿಸಿದರೆ ರೋಗ ಇನ್ನೂ ಬೇಗ ಹಬ್ಬುತ್ತದೆ.

ತಿಂದರೂ ಸೊರಗುತ್ತಾ, ಬೆನ್ನು ಬಾಗಿ, ಆಗೊಂದು ಈಗೊಂದು ಸಾಯುವ ಮೀನುಗಳಿಗೆ ಮೈಕೊಬ್ಯಾಕ್ಟೀರಿಯಾ ಸೋಂಕಿರಬಹುದು. ಅದು ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ. ಕೈಯಲ್ಲಿ ಗಾಯವಿದ್ದಾಗ ಗ್ಲೌಸ್ ಇಲ್ಲದೆ ತೊಟ್ಟಿಗೆ ಕೈ ಹಾಕಲೇಬೇಡಿ.

ಇಷ್ಟಾದರೂ ತಿಳಿಯದಿದ್ದರೆ ಉತ್ತರ ಸಿಗುವುದು ಸೂಕ್ಷ್ಮದರ್ಶಕದಲ್ಲಿ. ಮೈಯ ಲೋಳೆ ಮತ್ತು ಕಿವಿರಿನ ಚೂರನ್ನು ಮೀನಿನ ರೋಗ ಬಲ್ಲ ಪಶುವೈದ್ಯರೋ ಮೀನುಗಾರಿಕಾ ತಜ್ಞರೋ ನೋಡಬೇಕು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ಹತ್ತಿರದವರು ಅಲ್ಲಿಗೆ ಮೊದಲು ಫೋನ್ ಮಾಡಿ ವಿಚಾರಿಸಬಹುದು. ಜೀವವಿರುವ, ರೋಗಲಕ್ಷಣ ಕಾಣುವ ಮೀನನ್ನೇ ಒಯ್ಯಿರಿ, ಜತೆಗೆ ಇನ್ನೊಂದು ಬಾಟಲಿಯಲ್ಲಿ ತೊಟ್ಟಿಯ ನೀರು. ಫ್ರೀಜರಿನಲ್ಲಿಟ್ಟ ಮೀನಿನಿಂದ ಹೆಚ್ಚೇನೂ ತಿಳಿಯದು. ತೋರಿಸುವ ತನಕ ಯಾವ ಔಷಧಿಯನ್ನೂ ಹಾಕಬೇಡಿ. ಹಾಕಿದ್ದರೆ ಅದರ ಹೆಸರು, ಪ್ರಮಾಣ ಬರೆದುಕೊಂಡು ಹೋಗಿ.